ಎಚ್ಚರದಾಚೆ ಕಂಡದ್ದು ಎಷ್ಟು ನಿಜ?

ಊರ ಜಾತ್ರೆಯಲ್ಲಿ ದೇವರು ಮೈಮೇಲೆ ಬಂದವನ ಮುಂದೆ ಜನ ಕೈಮುಗಿದು ನಿಲ್ಲುತ್ತಾರೆ. ಕಳೆದುಹೋದ ಹಸು ಯಾವ ದಿಕ್ಕಿಗೆ ಹೋಯಿತು, ಮಗಳ ಮದುವೆ ಎಂದು ಕೂಡಿಬರುತ್ತದೆ, ಮನೆಗೆ ಹಿಡಿದ ಕಾಯಿಲೆ ಯಾರ ದೋಷದಿಂದ ಬಂತು ಎಂದು ಕೇಳುತ್ತಾರೆ. ಉಳಿದ ದಿನಗಳಲ್ಲಿ ಅದೇ ಮನುಷ್ಯ ಹೊಲದಲ್ಲಿ ಗೇಯುತ್ತಿರುವಾಗ ಯಾರೂ ಅವನನ್ನು ಇಂಥ ಪ್ರಶ್ನೆ ಕೇಳುವುದಿಲ್ಲ. ಅವನಿಗೆ ಮೈಮೇಲೆ ಎಚ್ಚರವಿಲ್ಲದಿರುವಾಗಲೇ ಅವನ ಮಾತಿಗೆ ಬೆಲೆ. ಇದು ನಮ್ಮ ಹಳ್ಳಿಗಳ ಸಂಗತಿ ಮಾತ್ರವಲ್ಲ. ಪ್ರಾಚೀನ ಗ್ರೀಸಿನ ಡೆಲ್ಫಿಯಲ್ಲಿ ಪಿಥಿಯಾ ಎನಿಸಿಕೊಂಡ ಅರ್ಚಕಿ ಆವೇಶದಲ್ಲಿ ನುಡಿದ ಮಾತನ್ನು ಕೇಳದೆ ರಾಜರು ಯುದ್ಧಕ್ಕೆ ಹೊರಡುತ್ತಿರಲಿಲ್ಲ. ನಮ್ಮ ಋಗ್ವೇದದ ಒಂಬತ್ತನೆಯ ಮಂಡಲ ಸೋಮಕ್ಕೇ ಮೀಸಲಾಗಿದೆ. ದಿನನಿತ್ಯದ ಎಚ್ಚರದಲ್ಲಿ ಕಾಣದ್ದು ಆ ಎಚ್ಚರ ಸರಿದಾಗ ಕಂಡೀತು ಎಂಬ ನಂಬಿಕೆ ಮನುಷ್ಯಕುಲದಷ್ಟೇ ಹಳೆಯದು.

ಈ ನಂಬಿಕೆಯಲ್ಲಿ ಹುರುಳಿದೆಯೇ? ಕನಸು, ಆವೇಶ, ಧ್ಯಾನ, ಜ್ವರದ ಕನವರಿಕೆ, ಮದ್ದಿನ ಮತ್ತು ಇವುಗಳಲ್ಲಿ ಕಾಣುವುದು ಲೋಕದ ನಿಜವೋ, ಮನಸ್ಸಿನ ಆಟವೋ? ಇದಕ್ಕೆ ಎರಡು ಸುಲಭದ ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಎಲ್ಲವೂ ಮಿದುಳಿನ ರಸಾಯನಗಳ ಏರುಪೇರು ಎಂದು ಕೆಲವರು ತಳ್ಳಿಹಾಕುತ್ತಾರೆ. ಕಂಡವರಿಗಷ್ಟೇ ಗೊತ್ತು, ಕಾಣದವರು ಸುಮ್ಮನಿರಬೇಕು ಎಂದು ಇನ್ನು ಕೆಲವರು ಬಾಯಿ ಮುಚ್ಚಿಸುತ್ತಾರೆ. ಎರಡೂ ವಿಚಾರಕ್ಕೆ ಬಾಗಿಲು ಹಾಕುವ ಉತ್ತರಗಳೇ. ಆ ಬಾಗಿಲನ್ನು ತೆರೆದು ನೋಡಲು, ಮೊದಲು ಬಣ್ಣವಿಲ್ಲದ ಒಂದು ಅನಿಲದ ಕಥೆಯನ್ನು ಕೇಳುವುದು ಲೇಸು.

ಆ ಅನಿಲದ ಹೆಸರು ನೈಟ್ರಸ್ ಆಕ್ಸೈಡ್. 1772ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಅದನ್ನು ಮೊದಲು ತಯಾರಿಸಿದ. ಅದು ಸೋಂಕು ರೋಗಗಳಿಗೆ ಮೂಲವಾದ ವಿಷವೆಂದು ಅಮೆರಿಕದ ವಿದ್ವಾಂಸನೊಬ್ಬ ವಾದಿಸಿದ್ದ. ಆ ಹೊತ್ತಿಗೆ ಬ್ರಿಸ್ಟಲ್ ನಗರದಲ್ಲಿ ಥಾಮಸ್ ಬೆಡೋಸ್ ಎಂಬ ವೈದ್ಯ, ಅನಿಲಗಳಿಂದ ರೋಗ ವಾಸಿಮಾಡಬಹುದೇ ಎಂದು ಪರೀಕ್ಷಿಸಲು ಒಂದು ಸಂಸ್ಥೆಯನ್ನು ಕಟ್ಟುತ್ತಿದ್ದ. ಅಲ್ಲಿ ಕೆಲಸಕ್ಕೆ ಸೇರಿದ ಹಂಫ್ರಿ ಡೇವಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ ಸೋಡಿಯಂ, ಪೊಟ್ಯಾಸಿಯಂ ಲೋಹಗಳನ್ನು ಬೇರ್ಪಡಿಸಿ ಜಗತ್ಪ್ರಸಿದ್ಧನಾದ ವಿಜ್ಞಾನಿ ಈತನೇ.

1799ರಲ್ಲಿ ಡೇವಿ ಆ ‘ವಿಷ’ವನ್ನು ತಾನೇ ಉಸಿರಾಡಿ ನೋಡಿದ. ರೋಗವೇನೂ ಬರಲಿಲ್ಲ, ನಗು ಬಂತು, ಕುಣಿಯುವ ಹುಮ್ಮಸ್ಸು ಬಂತು. ಕವಿಗಳಾದ ಸದಿ ಮತ್ತು ಕೋಲ್‌ರಿಜ್ ಸೇರಿದಂತೆ ಅನೇಕ ಸ್ನೇಹಿತರು ರೇಷ್ಮೆಯ ಚೀಲದಿಂದ ಅನಿಲ ಹೀರಿ ತಮಗೆ ಏನನ್ನಿಸಿತೆಂದು ಬರೆದುಕೊಟ್ಟರು. ಜನ ಅದನ್ನು ‘ನಗೆ ಅನಿಲ’ ಎಂದೇ ಕರೆದರು. ಆ ವರ್ಷದ ಡಿಸೆಂಬರ್ 26ರಂದು ಡೇವಿ ಮುಚ್ಚಿದ ಪೆಟ್ಟಿಗೆಯಂಥ ಗೂಡಿನೊಳಗೆ ಒಂದೂಕಾಲು ಗಂಟೆ ಕುಳಿತು ಅನಿಲವನ್ನು ಉಸಿರಾಡಿದ. ಹೊರಗೆ ಬಂದವನೇ ಚೀಲದಿಂದ ಮತ್ತಷ್ಟು ಹೀರಿದ. ಸುತ್ತಲಿನ ಲೋಕ ಕಳಚಿಬಿದ್ದು, ಒಂದರ ಹಿಂದೊಂದು ಚಿತ್ರಗಳು ಮಿಂಚತೊಡಗಿದವು. ಅವನಿಗೆ ತಾನು ಹೊಸ ಸತ್ಯಗಳನ್ನು ಕಂಡುಹಿಡಿಯುತ್ತಿರುವಂತೆ ಭಾಸವಾಯಿತು. ಎಚ್ಚರ ಮರಳುತ್ತಿದ್ದಂತೆ ಪಕ್ಕದಲ್ಲಿದ್ದ ವೈದ್ಯನಿಗೆ ಪ್ರವಾದಿಯ ಧಾಟಿಯಲ್ಲಿ ತನ್ನ ದರ್ಶನವನ್ನು ಸಾರಿದ. ಜಗತ್ತಿನಲ್ಲಿ ವಿಚಾರಗಳನ್ನು ಬಿಟ್ಟರೆ ಬೇರೇನೂ ಇಲ್ಲವೆಂಬುದೇ ಅದರ ಸಾರಾಂಶ.

ಈ ಮಾತು ಭಾರತೀಯರಿಗೆ ಹೊಸದಲ್ಲ. ಬೌದ್ಧ ವಿಜ್ಞಾನವಾದಿಗಳು ಇದಕ್ಕೆ ಹತ್ತಿರವಾದ ಮತವನ್ನು ಶತಮಾನಗಳ ಹಿಂದೆಯೇ ವಾದ ಮಾಡಿ ನಿಲ್ಲಿಸಲು ಯತ್ನಿಸಿದ್ದರು, ಎದುರಾಳಿಗಳ ಆಕ್ಷೇಪಗಳಿಗೆ ಉತ್ತರ ಕೊಟ್ಟಿದ್ದರು. ಡೇವಿಗಾದರೋ ಆ ಗಳಿಗೆಯಲ್ಲಿ ವಾದವೇ ಬೇಕೆನ್ನಿಸಲಿಲ್ಲ. ಅದು ತನಗೆ ಕಂಡಿತ್ತು, ಅಷ್ಟೇ ಸಾಕಿತ್ತು.

ಮರುವರ್ಷ, 1800ರಲ್ಲಿ, ಡೇವಿ ತನ್ನ ಪ್ರಯೋಗಗಳನ್ನೆಲ್ಲ ಐನೂರಕ್ಕೂ ಹೆಚ್ಚು ಪುಟಗಳ ಪುಸ್ತಕವಾಗಿ ಪ್ರಕಟಿಸಿದ. ಅದರಲ್ಲಿ ಈ ಮಹಾದರ್ಶನವೂ ಇದೆ, ಇನ್ನೊಂದು ಸಣ್ಣ ಮಾತೂ ಇದೆ. ಹಲ್ಲು ಮೂಡುವಾಗ ವಸಡು ಊದಿ ನೋಯುತ್ತಿದ್ದ ಹೊತ್ತಿನಲ್ಲಿ ಅನಿಲ ಹೀರಿದಾಗ ನೋವು ಸ್ವಲ್ಪ ಹೊತ್ತು ಇಲ್ಲವಾದುದನ್ನು ಅವನು ಗಮನಿಸಿದ್ದ. ಹೆಚ್ಚು ರಕ್ತ ಹರಿಯದಂಥ ಶಸ್ತ್ರಚಿಕಿತ್ಸೆಗಳಲ್ಲಿ ಇದು ಉಪಯೋಗಕ್ಕೆ ಬಂದೀತು ಎಂದು ಎಲ್ಲೋ ಕೊನೆಯ ಪುಟಗಳಲ್ಲಿ ಬರೆದಿಟ್ಟ. ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಡೇವಿಯೂ ಅದನ್ನು ಮುಂದುವರಿಸಲಿಲ್ಲ. ಮುಂದಿನ ನಾಲ್ಕು ದಶಕಗಳ ಕಾಲ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಎಚ್ಚರವಿರುವಾಗಲೇ ಗಟ್ಟಿಯಾಗಿ ಹಿಡಿದುಕೊಂಡು ಕೈಕಾಲು ಕತ್ತರಿಸುವುದು ನಡೆದೇ ಇತ್ತು. ನಗೆ ಅನಿಲ ಮಾತ್ರ ಸಂತೆ, ಪ್ರದರ್ಶನಗಳಲ್ಲಿ ಕಾಸು ಕೊಟ್ಟವರನ್ನು ನಗಿಸುತ್ತಿತ್ತು.

1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಂಥದೊಂದು ಪ್ರದರ್ಶನ ನಡೆಯಿತು. ಅನಿಲ ಹೀರಿ ಕುಣಿದಾಡಿದ ತರುಣನೊಬ್ಬನ ಕಾಲಿಗೆ ಪೆಟ್ಟಾಗಿ ರಕ್ತ ಸುರಿಯುತ್ತಿದ್ದರೂ ಅವನಿಗೆ ನೋವಿನ ಪರಿವೆಯೇ ಇರಲಿಲ್ಲ. ನೋಡುತ್ತಿದ್ದವರಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯನೂ ಇದ್ದ. ಮಾರನೆಯ ದಿನವೇ ಅವನು ತಾನು ಅನಿಲ ಹೀರಿ, ತನ್ನದೇ ಹಲ್ಲೊಂದನ್ನು ಇನ್ನೊಬ್ಬ ದಂತವೈದ್ಯನಿಂದ ಕೀಳಿಸಿಕೊಂಡ. ನೋವಾಗಲಿಲ್ಲ. ಅರಿವಳಿಕೆಯ ಯುಗ ಅಲ್ಲಿಂದ ಆರಂಭವಾಯಿತೆನ್ನಬಹುದು. ದುಃಖದ ಸಂಗತಿಯೆಂದರೆ, ಅದೇ ವೆಲ್ಸ್ ಮುಂದೆ ಕ್ಲೋರೋಫಾರ್ಮನ್ನು ತನ್ನ ಮೇಲೆಯೇ ಪ್ರಯೋಗಿಸುತ್ತ ಅದರ ಚಟಕ್ಕೆ ಬಿದ್ದು, ಬುದ್ಧಿ ಕೆಟ್ಟು, 1848ರಲ್ಲಿ ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡ.

ಒಂದೇ ಪುಸ್ತಕದಲ್ಲಿದ್ದ ಆ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ವಿಚಾರಗಳ ಹೊರತು ಬೇರೇನೂ ಇಲ್ಲವೆಂಬುದು ಸಿಡಿಲಿನಂತೆ ಬಂತು, ಪೂರ್ಣ ನಿಶ್ಚಯದೊಡನೆ ಬಂತು. ಆದರೆ ಅದು ನಿಜವೋ ಸುಳ್ಳೋ ಎಂದು ತಿಳಿಯಲು ಆ ಅನುಭವದಿಂದ ಯಾವ ದಾರಿಯೂ ತೆರೆಯಲಿಲ್ಲ. ನೋವು ಅಡಗುತ್ತದೆ ಎಂಬುದಕ್ಕೆ ಯಾವ ಪ್ರಭೆಯೂ ಇರಲಿಲ್ಲ. ಅದು ಮತ್ತಿನ ಸ್ಥಿತಿಯ ಕುರಿತು ಎಚ್ಚರದಲ್ಲಿ ಮಾಡಿದ ಒಂದು ಗಮನಿಕೆ. ಪರೀಕ್ಷೆಗೆ ಒಡ್ಡಿದಾಗ ಅದು ಗೆದ್ದಿತು, ಕೋಟ್ಯಂತರ ಜನರನ್ನು ನರಳಾಟದಿಂದ ಪಾರುಮಾಡಿತು. ಕಂಡಾಗ ಆಗುವ ರೋಮಾಂಚನಕ್ಕೂ ಕಂಡದ್ದರ ಸತ್ಯಕ್ಕೂ ನೇರ ಸಂಬಂಧವಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಹಾರ್ವರ್ಡಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನೂ ಹೆಸರಾಂತ ಲೇಖಕನೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್ 1870ರ ಭಾಷಣವೊಂದರಲ್ಲಿ ತನ್ನದೇ ಇಂಥ ಅನುಭವವನ್ನು ಹೇಳಿಕೊಂಡ. ಈಥರ್ ಮೂಸಿದಾಗ ಅವನಿಗೆ ವಿಶ್ವದ ರಹಸ್ಯವೆಲ್ಲ ಬಯಲಾದಂತೆನಿಸಿತು. ಎಚ್ಚರ ಬರುತ್ತಿದ್ದಂತೆ ತಡವರಿಸುತ್ತ ಮೇಜಿನ ಬಳಿಗೆ ಹೋಗಿ ಆ ಪರಮಸತ್ಯವನ್ನು ಕಾಗದದ ಮೇಲೆ ಗೀಚಿಟ್ಟ. ಪೂರ್ತಿ ಎಚ್ಚರವಾದ ಮೇಲೆ ಓದಿದರೆ ಆ ಕಾಗದದಲ್ಲಿದ್ದುದು ಎಲ್ಲೆಡೆ ಟರ್ಪೆಂಟೈನಿನ ಘಾಟು ತುಂಬಿದೆ ಎಂಬ ಅರ್ಥದ ಮಾತು. ಸಭಿಕರು ನಕ್ಕಿರಬೇಕು. ಹೋಮ್ಸನಿಗೂ ಅದು ನಗುವ ವಿಷಯವೇ ಆಗಿತ್ತು.

ಅದೇ ಹಾರ್ವರ್ಡಿನ ವಿಲಿಯಂ ಜೇಮ್ಸ್ ಮಾತ್ರ ನಕ್ಕು ಬಿಡಲಿಲ್ಲ. ಆಧುನಿಕ ಮನಶ್ಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬನಾದ ಆತ ನಗೆ ಅನಿಲವನ್ನು ತಾನೇ ಹೀರಿ ಅದರ ವರದಿಯನ್ನು 1882ರಲ್ಲಿ ಪ್ರಕಟಿಸಿದ. ಮತ್ತಿನಲ್ಲಿದ್ದಾಗ ಎಲ್ಲ ವಿರೋಧಗಳೂ ಕರಗಿ ಒಂದಾದಂತೆ, ಹೆಗೆಲ್‌ನ ತತ್ತ್ವಶಾಸ್ತ್ರವೆಲ್ಲ ಕರತಲಾಮಲಕವಾದಂತೆ ಅವನಿಗೆ ಅನ್ನಿಸಿತು. ಹಾಳೆಗಟ್ಟಲೆ ಬರೆದ. ಎಚ್ಚರವಾದ ಮೇಲೆ ಆ ಹಾಳೆಗಳು ಅರ್ಥವಿಲ್ಲದ ಬಡಬಡಿಕೆಯಾಗಿ ಕಂಡವು. ಹೋಮ್ಸನ ಕಥೆಯೇ ಇದೂ. ಆದರೂ ಜೇಮ್ಸ್ ಇಪ್ಪತ್ತು ವರ್ಷ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಚಿಂತಿಸಿದ. 1901 ಮತ್ತು 1902ರಲ್ಲಿ ಎಡಿನ್‌ಬರೋದಲ್ಲಿ ನೀಡಿದ, ಧಾರ್ಮಿಕ ಅನುಭವದ ವೈವಿಧ್ಯಗಳನ್ನು ಕುರಿತ ಉಪನ್ಯಾಸಮಾಲೆಯಲ್ಲಿ ಅವನು ಮುಟ್ಟಿದ ತೀರ್ಮಾನ ಇಂದಿಗೂ ಈ ಚರ್ಚೆಯ ತಳಹದಿಯಾಗಿದೆ.

ಆ ತೀರ್ಮಾನಕ್ಕೆ ಮೂರು ಮುಖಗಳಿವೆ. ಇಂಥ ಅನುಭವ ಪಡೆದವನ ಪಾಲಿಗೆ ಅದು ಅಧಿಕಾರವಾಣಿಯಾಗಿರುತ್ತದೆ, ಅದನ್ನು ಯಾರೂ ಅವನಿಂದ ಕಿತ್ತುಕೊಳ್ಳಲಾಗದು. ಆದರೆ ಅದನ್ನು ಪಡೆಯದವರು ಅವನ ಮಾತನ್ನು ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ. ಹಾಗಿದ್ದೂ, ದಿನನಿತ್ಯದ ಎಚ್ಚರವೊಂದೇ ಪ್ರಜ್ಞೆಯ ಏಕೈಕ ರೂಪವಲ್ಲ ಎಂಬುದನ್ನು ಇಂಥ ಅನುಭವಗಳು ತೋರಿಸುತ್ತವೆ. ಅವುಗಳನ್ನು ಲೆಕ್ಕಕ್ಕೆ ಹಿಡಿಯದ ವಿಶ್ವದರ್ಶನ ಅಪೂರ್ಣವಾಗಿಯೇ ಉಳಿಯುತ್ತದೆ. ಮಿದುಳಿನ ವಿಕಾರದಿಂದ ಹುಟ್ಟಿದ್ದೆಂಬ ಕಾರಣಕ್ಕೇ ಒಂದು ವಿಚಾರವನ್ನು ತಳ್ಳಿಹಾಕುವವರಿಗೂ ಜೇಮ್ಸ್ ಉತ್ತರ ಕೊಟ್ಟಿದ್ದಾನೆ. ವಿಜ್ಞಾನಿಯ ಸರಿಯಾದ ಸಿದ್ಧಾಂತವೂ ಯಾವುದೋ ಒಂದು ಮಿದುಳಿನ ಸ್ಥಿತಿಯಿಂದಲೇ ಹುಟ್ಟುತ್ತದೆ. ಹುಟ್ಟಿದ ಜಾಗ ನೋಡಿ ವಿಚಾರದ ಬೆಲೆ ಕಟ್ಟುವುದು, ಮನುಷ್ಯನ ಜಾತಿ ಕೇಳಿ ಯೋಗ್ಯತೆ ಅಳೆದಷ್ಟೇ ತಪ್ಪು.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ಶ್ರೀನಿವಾಸ ರಾಮಾನುಜನ್ ಅವರ ಉದಾಹರಣೆ ಇಲ್ಲಿ ನೆರವಾಗುತ್ತದೆ. ನಾಮಕ್ಕಲ್ಲಿನ ನಾಮಗಿರಿ ದೇವಿ ತಮ್ಮ ಮನೆದೇವತೆ, ಆಕೆಯೇ ಕನಸಿನಲ್ಲಿ ಸೂತ್ರಗಳನ್ನು ತೋರಿಸುತ್ತಾಳೆ ಎಂದು ಅವರು ಆಪ್ತರಲ್ಲಿ ಹೇಳುತ್ತಿದ್ದರು. 1913ರ ಜನವರಿಯಲ್ಲಿ ಮದ್ರಾಸಿನಿಂದ ಅವರು ಬರೆದ ಪತ್ರ ಕೇಂಬ್ರಿಜ್‌ನ ಜಿ. ಎಚ್. ಹಾರ್ಡಿಗೆ ತಲುಪಿತು. ಅದರಲ್ಲಿ ಸಾಧನೆಗಳಿಲ್ಲದ ಸೂತ್ರಗಳ ಸರಮಾಲೆಯೇ ಇತ್ತು. ಹಾರ್ಡಿ ನಾಸ್ತಿಕ. ಕನಸಿನ ಕಥೆ ಅವನಿಗೆ ಬೇಕಿರಲಿಲ್ಲ. ಅವನು ಕೇಳಿದ್ದು ಸಾಧನೆಯನ್ನು. ಪರಿಶೀಲಿಸಿದಾಗ ಅನೇಕ ಸೂತ್ರಗಳು ಅದ್ಭುತವೂ ಸತ್ಯವೂ ಆಗಿದ್ದವು. ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ಬಗ್ಗೆ ರಾಮಾನುಜನ್ ಹೇಳಿದ್ದ ಮುಖ್ಯ ಮಾತುಗಳು ಮಾತ್ರ ತಪ್ಪಾಗಿದ್ದವು. ಮುಂದೆ ಅಮೆರಿಕದ ಗಣಿತಜ್ಞ ಬ್ರೂಸ್ ಬರ್ನ್ಟ್ 1985ರಿಂದ 1998ರವರೆಗೆ ಐದು ಸಂಪುಟಗಳಲ್ಲಿ ರಾಮಾನುಜನ್ ಅವರ ನೋಟ್‌ಬುಕ್‌ಗಳನ್ನು ಸಂಪಾದಿಸಿ, ಮೂರು ಸಾವಿರಕ್ಕೂ ಹೆಚ್ಚಿನ ಫಲಿತಾಂಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬಹುಪಾಲು ಸರಿಯೆಂದು ಸಿದ್ಧವಾದವು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಕನಸಿನಲ್ಲಿ ಬಂತೆಂಬ ಕಾರಣಕ್ಕೆ ಯಾವ ಸೂತ್ರವೂ ಸುಳ್ಳಾಗಲಿಲ್ಲ, ಕನಸಿನಲ್ಲಿ ಬಂತೆಂಬ ಕಾರಣಕ್ಕೆ ಯಾವುದೂ ನಿಜವೂ ಆಗಲಿಲ್ಲ. ಸರಿಯಾದವೂ ತಪ್ಪಾದವೂ ಒಂದೇ ಮನಸ್ಸಿನಲ್ಲಿ ಒಂದೇ ವಿಶ್ವಾಸದೊಡನೆ ಮೂಡಿದ್ದವು. ಬೇರ್ಪಡಿಸಿದ್ದು ಎಚ್ಚರದ ಸಾಧನೆ. ಎರಡನೆಯದಾಗಿ, ಆ ಕನಸುಗಳು ಬಿದ್ದದ್ದು ಯಾರಿಗೆ? ಹದಿಹರೆಯದಿಂದಲೇ ಕಾರ್ ಎಂಬಾತನ ಗಣಿತ ಸಂಗ್ರಹವನ್ನು ಅರೆದು ಕುಡಿದು, ಹಗಲೂ ರಾತ್ರಿ ಸ್ಲೇಟಿನ ಮೇಲೆ ಬರೆದು ಮೊಣಕೈಯಿಂದ ಒರೆಸುತ್ತಿದ್ದವರಿಗೆ. ಗಣಿತದ ಗಂಧವಿಲ್ಲದವನ ಕನಸಿನಲ್ಲಿ ದೇವಿ ಬಂದರೂ ಸೂತ್ರ ಬರುವುದಿಲ್ಲ.

ಸತ್ಯ ಕಂಡಿತೆಂಬ ಭಾವನೆ ಬೇರೆ, ಸತ್ಯವನ್ನು ಕಾಣುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇವೆರಡೂ ಮನಸ್ಸಿನಲ್ಲಿ ಸಾಮಾನ್ಯವಾಗಿ ಜೊತೆಯಾಗಿ ಬರುವುದರಿಂದ ಒಂದೇ ಎಂದು ಭ್ರಮಿಸುತ್ತೇವೆ. ಹಿಂದೆಂದೂ ಹೋಗದ ಊರಿನ ಬೀದಿಯಲ್ಲಿ ನಿಂತಾಗ ‘ಇದನ್ನು ಮೊದಲೇ ನೋಡಿದ್ದೇನಲ್ಲ’ ಎಂದು ಥಟ್ಟನೆ ಅನ್ನಿಸುವ ಅನುಭವ ಎಷ್ಟೋ ಮಂದಿಗೆ ಆಗಿರುತ್ತದೆ. ಅಲ್ಲಿ ನೆನಪಿಲ್ಲ, ನೆನಪಿನ ಭಾವನೆ ಮಾತ್ರ ಇದೆ. ಹಾಗೆಯೇ ಅರಿವಿಲ್ಲದೆ ಅರಿವಿನ ಭಾವನೆ ಮಾತ್ರ ಹುಟ್ಟುವುದೂ ಸಾಧ್ಯ. ಅಪಸ್ಮಾರದ ಕೆಲವು ರೋಗಿಗಳಿಗೆ ಸೆಳವು ಬರುವ ಮುನ್ನ ಕ್ಷಣಕಾಲ ಎಲ್ಲವೂ ತಿಳಿದಂಥ ಪರಮಾನಂದವಾಗುತ್ತದೆ. ಸ್ವತಃ ಆ ರೋಗದಿಂದ ಬಳಲಿದ ರಷ್ಯದ ಕಾದಂಬರಿಕಾರ ದಸ್ತಯೇವ್‌ಸ್ಕಿ ತನ್ನ ‘ಈಡಿಯಟ್’ ಕಾದಂಬರಿಯ ನಾಯಕನಲ್ಲಿ ಅದನ್ನು ಚಿತ್ರಿಸಿದ್ದಾನೆ. ನಗೆ ಅನಿಲವಾದರೋ ಮಿದುಳಿನ ನರಕೋಶಗಳ ನಡುವಿನ ಸಂದೇಶಗಳಲ್ಲಿ ಒಂದು ಬಗೆಯದನ್ನು ತಾತ್ಕಾಲಿಕವಾಗಿ ತಡೆಯುತ್ತದೆ. ನಿಶ್ಚಯದ ಗಂಟೆ ಮೊಳಗಿತೆಂದ ಮಾತ್ರಕ್ಕೆ ಬಾಗಿಲಲ್ಲಿ ಅತಿಥಿ ಇದ್ದೇ ಇರುತ್ತಾನೆ ಎನ್ನುವಂತಿಲ್ಲ.

ಈ ವಿವೇಚನೆ ಪಶ್ಚಿಮದಿಂದ ಬಂದದ್ದೆಂದು ಭಾವಿಸಬೇಕಿಲ್ಲ. ಭಾರತೀಯ ತತ್ತ್ವಶಾಸ್ತ್ರದಲ್ಲಿ ಇದು ಒಂದು ದೊಡ್ಡ ಜಗಳದ ವಿಷಯವಾಗಿತ್ತು. ಯೋಗಿಗಳಿಗೆ ಇಂದ್ರಿಯಗಳನ್ನು ಮೀರಿದ ಪ್ರತ್ಯಕ್ಷ ಜ್ಞಾನವುಂಟೆಂದು ನೈಯಾಯಿಕರು ಒಪ್ಪಿದರು. ಮೀಮಾಂಸಕನಾದ ಕುಮಾರಿಲ ಭಟ್ಟ ಅದನ್ನು ಸಾರಾಸಗಟಾಗಿ ನಿರಾಕರಿಸಿದ. ಬೌದ್ಧ ತಾರ್ಕಿಕ ಧರ್ಮಕೀರ್ತಿ ಯೋಗಿಯ ಪ್ರತ್ಯಕ್ಷವನ್ನು ಒಪ್ಪಿಯೂ ಒಂದು ಎಚ್ಚರಿಕೆ ಕೊಟ್ಟ. ಕಾಮ, ಶೋಕ, ಭಯ, ಉನ್ಮಾದಗಳಿಗೆ ಸಿಕ್ಕವರಿಗೂ ಇಲ್ಲದ ವಸ್ತು ಕಣ್ಣೆದುರೇ ನಿಂತಂತೆ ಕಾಣುತ್ತದೆ. ಆದ್ದರಿಂದ ಸ್ಪಷ್ಟವಾಗಿ ಕಂಡಿತೆಂಬುದೊಂದೇ ಸಾಲದು, ಕಂಡದ್ದು ಬೇರೆ ಪ್ರಮಾಣಗಳಿಗೂ ಹೊಂದಬೇಕು. ಪತಂಜಲಿಯ ಯೋಗಸೂತ್ರದ ನಾಲ್ಕನೆಯ ಪಾದ ಸಿದ್ಧಿಗಳು ಹುಟ್ಟಿನಿಂದಲೂ ಔಷಧಿಯಿಂದಲೂ ಮಂತ್ರ, ತಪಸ್ಸು, ಸಮಾಧಿಗಳಿಂದಲೂ ಬರಬಹುದೆಂದು ಪಟ್ಟಿಮಾಡುತ್ತದೆ. ಮೂಲಿಕೆಯ ದಾರಿ ಅವನಿಗೆ ಗೊತ್ತಿತ್ತು. ಆದರೆ ಇಂಥ ಸಿದ್ಧಿಗಳು ಸಮಾಧಿಗೆ ಅಡ್ಡಿಯೆಂದು ಅದೇ ಗ್ರಂಥದ ಮೂರನೆಯ ಪಾದ ಹೇಳುತ್ತದೆ.

ಅನುಭಾವಿಗಳ ಪರವಾಗಿ ಒಂದು ಬಲವಾದ ವಾದವಿದೆ. ಎಚ್ಚರವಾದಾಗ ಕನಸು ಸುಳ್ಳಾಗುವಂತೆ, ಆ ಮೇಲಿನ ಸ್ಥಿತಿ ಬಂದಾಗ ಎಚ್ಚರವೂ ಸುಳ್ಳಾಗುತ್ತದೆ. ಹಾಗಿರುವಾಗ ಎಚ್ಚರದ ಅಳತೆಗೋಲಿನಿಂದ ಅದನ್ನು ಅಳೆಯುವುದು ಕನಸಿನೊಳಗೆ ಕುಳಿತು ಎಚ್ಚರವನ್ನು ಅಳೆದಂತೆ ಎಂಬುದು ಆ ವಾದ. ಇದಕ್ಕೆ ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲಿಯೇ ವಿಚಾರಕ್ಕೆ ಸಾಮಗ್ರಿಯಿದೆ. ಕನಸನ್ನೂ ಎಚ್ಚರವನ್ನೂ ಒಂದೇ ಎನ್ನುವವರನ್ನು ಅವರು ಒಪ್ಪುವುದಿಲ್ಲ. ಕನಸಿನಲ್ಲಿ ಕಂಡದ್ದು ಎಚ್ಚರವಾದಾಗ ಬಾಧಿತವಾಗುತ್ತದೆ, ಅಂದರೆ ಸುಳ್ಳೆಂದು ತಿಳಿಯುತ್ತದೆ; ಎಚ್ಚರದಲ್ಲಿ ಕಂಡ ಕಂಬ ಹಾಗೆ ಬಾಧಿತವಾಗುವುದಿಲ್ಲ. ಇನ್ನೂ ಮುಖ್ಯವಾದ ಮಾತು ಮತ್ತೊಂದೆಡೆ ಬರುತ್ತದೆ. ಗಾಢನಿದ್ರೆಯಲ್ಲಿಯೂ ಸಮಾಧಿಯಲ್ಲಿಯೂ ಭೇದವೆಲ್ಲ ಅಳಿದಿರುತ್ತದೆ ನಿಜ. ಆದರೆ ತಪ್ಪು ತಿಳಿವಳಿಕೆ ಹೋಗಿಲ್ಲವಾದ್ದರಿಂದ ಎಚ್ಚರವಾದೊಡನೆ ಭೇದ ಹಿಂದಿನಂತೆಯೇ ಮರಳಿ ಬರುತ್ತದೆ ಎನ್ನುತ್ತಾರೆ ಶಂಕರರು. ಅದ್ವೈತದ ಆಚಾರ್ಯರೇ ಒಂದು ಸ್ಥಿತಿಯನ್ನು ಹೊಕ್ಕು ಬಂದ ಮಾತ್ರಕ್ಕೆ ಜ್ಞಾನವಾಯಿತೆಂದು ಒಪ್ಪುವುದಿಲ್ಲ.

ಕರ್ನಾಟಕದಲ್ಲಿ ಈ ಎಳೆಯನ್ನು ಹಿಡಿದು ಜೀವಮಾನವಿಡೀ ವಿಚಾರ ಮಾಡಿದವರು ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು. 1975ರಲ್ಲಿ ತೀರಿಕೊಂಡ ಅವರು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಹೇರಳವಾಗಿ ಬರೆದಿದ್ದಾರೆ. ಎಚ್ಚರ, ಕನಸು, ತನಿನಿದ್ದೆ ಈ ಮೂರು ಅವಸ್ಥೆಗಳು ಎಲ್ಲರಿಗೂ ದಿನವೂ ಬರುತ್ತವೆ. ಮೂರನ್ನೂ ಪಕ್ಷಪಾತವಿಲ್ಲದೆ ಪರಿಶೀಲಿಸುವುದೇ ವೇದಾಂತದ ದಾರಿ, ತುರೀಯವೆಂಬುದು ಕಷ್ಟಪಟ್ಟು ಹೊಕ್ಕುಬರಬೇಕಾದ ನಾಲ್ಕನೆಯ ಕೋಣೆಯಲ್ಲ ಎಂಬುದು ಅವರ ನಿಲುವು. ಎಲ್ಲ ವೇದಾಂತಿಗಳೂ ಇದನ್ನು ಒಪ್ಪುವುದಿಲ್ಲ, ಸಮಾಧಿಯೇ ಬೇಕೆನ್ನುವ ಪ್ರಬಲ ಪರಂಪರೆಯೂ ಇದೆ. ಆದರೂ ಇಲ್ಲಿನ ಒಳನೋಟ ಬೆಲೆಯುಳ್ಳದ್ದು. ಅವಸ್ಥೆ ತಾನಾಗಿ ಏನನ್ನೂ ಕಲಿಸುವುದಿಲ್ಲ. ಅವಸ್ಥೆಗಳನ್ನು ಹೋಲಿಸಿ ನೋಡುವ ವಿಚಾರ ಕಲಿಸುತ್ತದೆ.

ಸಮಾಧಿಯನ್ನು ಎತ್ತಿಹಿಡಿದ ಸ್ವಾಮಿ ವಿವೇಕಾನಂದರೂ ಪರೀಕ್ಷೆಯಿಲ್ಲದೆ ಅದನ್ನು ಒಪ್ಪಲಿಲ್ಲ. ನಿದ್ದೆಗೂ ಸಮಾಧಿಗೂ ವ್ಯತ್ಯಾಸವೇನೆಂಬ ಪ್ರಶ್ನೆಗೆ 1896ರಲ್ಲಿ ಪ್ರಕಟವಾದ ‘ರಾಜಯೋಗ’ದಲ್ಲಿ ಅವರ ಉತ್ತರ ನೇರವಾಗಿದೆ. ಮೂರ್ಖ ನಿದ್ದೆಗೆ ಹೋದರೆ ಮೂರ್ಖನಾಗಿಯೇ ಏಳುತ್ತಾನೆ, ಸಮಾಧಿಗೆ ಹೋದರೆ ಜ್ಞಾನಿಯಾಗಿ ಹೊರಬರುತ್ತಾನೆ. ಈ ಮಾತನ್ನು ವಿಲಿಯಂ ಜೇಮ್ಸ್ ತನ್ನ ಉಪನ್ಯಾಸಗಳಲ್ಲಿ ಉಲ್ಲೇಖಿಸಿರುವುದು ಗಮನಾರ್ಹ. ಇಬ್ಬರಿಗೂ ಮರದ ಗುರುತು ಹಣ್ಣಿನಲ್ಲಿತ್ತು.

ಹಣ್ಣನ್ನು ಅಳೆಯುವ ಪ್ರಯತ್ನಗಳೂ ನಡೆದಿವೆ. 1962ರ ಏಪ್ರಿಲ್ 20, ಶುಭ ಶುಕ್ರವಾರ. ಬಾಸ್ಟನ್ ವಿಶ್ವವಿದ್ಯಾನಿಲಯದ ಮಾರ್ಷ್ ಪ್ರಾರ್ಥನಾಮಂದಿರದಲ್ಲಿ ವಾಲ್ಟರ್ ಪಾಂಕೆ ಎಂಬ ವೈದ್ಯ, ದೇವತಾಶಾಸ್ತ್ರ ಓದುತ್ತಿದ್ದ 20 ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದ. ಹತ್ತು ಮಂದಿಗೆ ಕೆಲವು ಜಾತಿಯ ಅಣಬೆಗಳಲ್ಲಿರುವ ಸೈಲೋಸೈಬಿನ್ ಎಂಬ ಮದ್ದು, ಉಳಿದ ಹತ್ತು ಮಂದಿಗೆ ಮೈ ಬಿಸಿಯೇರಿಸುವ ಬೇರೊಂದು ಗುಳಿಗೆ. ಮದ್ದು ಪಡೆದವರಲ್ಲಿ ಹೆಚ್ಚಿನವರಿಗೆ ಸಂತರ ಬರಹಗಳಲ್ಲಿ ಬರುವಂಥ ಅನುಭವಗಳಾದವು. ಸುಮಾರು ಕಾಲು ಶತಮಾನದ ನಂತರ ರಿಕ್ ಡಾಬ್ಲಿನ್ ಎಂಬ ಸಂಶೋಧಕ ಅವರನ್ನು ಹುಡುಕಿ ಮಾತನಾಡಿಸಿ, 1991ರಲ್ಲಿ ವರದಿ ಪ್ರಕಟಿಸಿದ. ಆ ದಿನ ತಮ್ಮ ಬಾಳಿಗೆ ಒಳ್ಳೆಯದನ್ನೇ ಕೊಟ್ಟಿತೆಂದು ಅವರು ಹೇಳಿದರು. ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ಅಂದು ಒಬ್ಬ ವಿದ್ಯಾರ್ಥಿ ಹತೋಟಿ ತಪ್ಪಿ, ಅವನಿಗೆ ಶಮನದ ಚುಚ್ಚುಮದ್ದು ಕೊಡಬೇಕಾಗಿತ್ತು. ಮೂಲ ಪ್ರಬಂಧದಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ.

2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ರೋಲಂಡ್ ಗ್ರಿಫಿತ್ಸ್ ಮತ್ತು ಸಂಗಡಿಗರು ಇದೇ ಮದ್ದಿನ ಮೇಲೆ ಇನ್ನಷ್ಟು ಬಿಗಿಯಾದ ಅಧ್ಯಯನವನ್ನು ಪ್ರಕಟಿಸಿದರು. ಎರಡು ತಿಂಗಳ ನಂತರ ಕೇಳಿದಾಗ, ಭಾಗವಹಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿನವರು ಅದನ್ನು ತಮ್ಮ ಬದುಕಿನ ಅತ್ಯಂತ ಅರ್ಥಪೂರ್ಣವಾದ ಐದು ಅನುಭವಗಳಲ್ಲಿ ಸೇರಿಸಿದರು. ಮೂರನೆಯ ಒಂದು ಪಾಲಿನಷ್ಟು ಮಂದಿಗೆ, ಅಷ್ಟೆಲ್ಲ ಎಚ್ಚರಿಕೆ ವಹಿಸಿದ್ದರೂ, ಆ ಹೊತ್ತಿನಲ್ಲಿ ತೀವ್ರ ಭಯವೂ ಆಗಿತ್ತು. ಈ ಅಧ್ಯಯನಗಳು ಏನನ್ನು ತೋರಿಸುತ್ತವೆ, ಏನನ್ನು ತೋರಿಸುವುದಿಲ್ಲ ಎಂಬುದನ್ನು ಬೇರೆಯಾಗಿ ಹಿಡಿಯಬೇಕು. ಇಂಥ ಅನುಭವ ಮನುಷ್ಯನನ್ನು ಬದಲಿಸಬಲ್ಲದು ಎಂಬುದಕ್ಕೆ ಅವು ಸಾಕ್ಷಿ. ವಿಶ್ವವೆಲ್ಲ ಒಂದೇ ಎಂದು ಆ ಹೊತ್ತಿನಲ್ಲಿ ಕಂಡದ್ದು ನಿಜವೆಂಬುದಕ್ಕೆ ಅವು ಸಾಕ್ಷಿಯಲ್ಲ. ಒಳ್ಳೆಯ ಕಾದಂಬರಿಯೂ ಓದುಗನ ಬಾಳನ್ನು ತಿರುಗಿಸುತ್ತದೆ. ಅದರಲ್ಲಿನ ಘಟನೆಗಳು ನಡೆದಿದ್ದವೆಂದು ಅದರಿಂದ ಸಿದ್ಧವಾಗುವುದಿಲ್ಲ.

ಆದ್ದರಿಂದ ‘ನನಗೆ ಕಂಡಿದೆ’ ಎಂಬ ಮಾತು ಕೇಳಿದಾಗ ಏನು ಕಂಡಿದೆಯೆಂದು ಬಿಡಿಸಿ ಕೇಳಬೇಕಾಗುತ್ತದೆ. ಹಸು ಯಾವ ದಿಕ್ಕಿನಲ್ಲಿದೆ, ಕಾಯಿಲೆಗೆ ಕಾರಣವೇನು, ಸೂತ್ರ ಸರಿಯೇ ಎಂಬಂಥ ವಿಷಯವಾದರೆ ಎಚ್ಚರದ ಪರೀಕ್ಷೆಯೇ ಅಂತಿಮ; ಹೋಗಿ ನೋಡಬೇಕು, ಲೆಕ್ಕ ಮಾಡಬೇಕು. ಬಾಳುವ ಬಗೆ ತಿಳಿಯಿತು, ಸಾವಿನ ಭಯ ಹೋಯಿತು ಎಂಬಂಥ ವಿಷಯವಾದರೆ ಆ ಮನುಷ್ಯನ ಮುಂದಿನ ವರ್ಷಗಳೇ ಪರೀಕ್ಷೆ. ತನ್ನ ಮನಸ್ಸಿನ ಬಗ್ಗೆಯೇ ಒಂದು ತಿಳಿವು ಬಂತೆಂದಾದರೆ, ಅದು ಈ ಸ್ಥಿತಿಗಳು ಖಚಿತವಾಗಿ ಕೊಡಬಲ್ಲ ಅರಿವು. ‘ನಾನು’ ಎಂಬ ಎಲ್ಲೆ, ಕಾಲದ ಓಟ, ನೋವು ಇವೆಲ್ಲ ಕಲ್ಲಿನಲ್ಲಿ ಕೊರೆದವಲ್ಲ, ಮಿದುಳು ಗಳಿಗೆ ಗಳಿಗೆಗೂ ಕಟ್ಟುತ್ತಿರುವಂಥವು ಎಂಬುದು ಆ ಕಟ್ಟಡ ಸ್ವಲ್ಪ ಅಲುಗಿದಾಗಲೇ ನಮ್ಮ ಗಮನಕ್ಕೆ ಬರುವುದು. ಇನ್ನು ಇಡೀ ವಿಶ್ವದ ಸ್ವರೂಪ ತಿಳಿಯಿತು ಎಂಬ ಮಾತಾದರೆ, ಅದು ವಿಚಾರಕ್ಕೆ ಬಂದ ಒಂದು ಪ್ರಸ್ತಾವ. ಉಳಿದ ಪ್ರಸ್ತಾವಗಳಂತೆ ಅದೂ ವಾದದ ಎದುರು ನಿಲ್ಲಬೇಕು. ಡೇವಿಗೆ ಕಂಡದ್ದನ್ನೇ ವಿಜ್ಞಾನವಾದಿಗಳು ವಾದಕ್ಕೆ ಒಡ್ಡಿದ್ದರು. ಅದಕ್ಕಾಗಿಯೇ ಅವರೊಡನೆ ಇಂದಿಗೂ ಜಗಳವಾಡಬಹುದು.

ಇದು ಪಂಡಿತರ ಜಿಜ್ಞಾಸೆಗಷ್ಟೇ ಸೇರಿದ್ದಲ್ಲ. ಸತ್ಯ ಕಂಡೆವೆಂದವರ ಮಾತಿಗೆ ಕಟ್ಟುಬಿದ್ದು ಜನ ಆಸ್ತಿ ಮಾರಿದ್ದಾರೆ, ಔಷಧಿ ನಿಲ್ಲಿಸಿದ್ದಾರೆ, ನೆರೆಮನೆಯ ಮುದುಕಿಯನ್ನು ಮಾಟಗಾತಿಯೆಂದು ಹೊಡೆದಿದ್ದಾರೆ. ದರ್ಶನವನ್ನು ಅಂಗಡಿಯಲ್ಲಿ ಕೊಳ್ಳಬಹುದೆಂದು ನಂಬಿದ ತರುಣರು ನಗೆ ಅನಿಲವನ್ನು ಚಟವಾಗಿಸಿಕೊಂಡು, ದೇಹದಲ್ಲಿ ಬಿ12 ಜೀವಸತ್ವ ಕೆಲಸ ಮಾಡದಂತಾಗಿ, ಕಾಲಿನ ಸ್ವಾಧೀನ ಕಳೆದುಕೊಂಡದ್ದುಂಟು. ಡೇವಿಯ ನಾಡಾದ ಬ್ರಿಟನ್ 2023ರಲ್ಲಿ ಮೋಜಿಗಾಗಿ ಆ ಅನಿಲವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತು. ಇನ್ನೊಂದು ಕಡೆ, ಧ್ಯಾನದಲ್ಲಿಯೋ ಅತೀವ ದುಃಖದಲ್ಲಿಯೋ ಒಂದು ಗಳಿಗೆ ಎಲ್ಲವೂ ತಿಳಿಯಾದಂತೆ ಕಂಡ ಸಾಮಾನ್ಯ ಮನುಷ್ಯ, ಜನ ನಕ್ಕಾರೆಂದು ಅದನ್ನು ಯಾರಿಗೂ ಹೇಳದೆ ಉಳಿದುಬಿಡುತ್ತಾನೆ.

ಕನ್ನಡ ಇದಕ್ಕೆ ‘ಅನುಭವ’ದ ಪಕ್ಕದಲ್ಲಿಯೇ ‘ಅನುಭಾವ’ ಎಂಬ ಬೇರೆ ಪದವನ್ನು ಇಟ್ಟುಕೊಂಡಿದೆ. ಆದರೆ ಶರಣರ ಪರಂಪರೆ ಅನುಭಾವಿಯನ್ನು ಪ್ರಶ್ನೆಗಳಿಂದ ಮುಕ್ತನೆಂದು ಬಿಟ್ಟುಬಿಡಲಿಲ್ಲ. ‘ಶೂನ್ಯಸಂಪಾದನೆ’ಯಲ್ಲಿ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೆ ಆಸನ ಸುಮ್ಮನೆ ಸಿಗುವುದಿಲ್ಲ. ತುಂಬಿದ ಸಭೆಯಲ್ಲಿ ಅಲ್ಲಮಪ್ರಭು ಒಂದಾದ ಮೇಲೊಂದು ಕಟು ಪ್ರಶ್ನೆಗಳನ್ನು ಹಾಕುತ್ತಾನೆ. ಆಕೆ ಪ್ರತಿಯೊಂದಕ್ಕೂ ಉತ್ತರ ಕೊಡುತ್ತಾಳೆ. ಕಂಡವರಿಗಷ್ಟೇ ಗೊತ್ತೆಂದು ಅಲ್ಲಿ ಯಾರೂ ನುಣುಚಿಕೊಳ್ಳುವುದಿಲ್ಲ, ಅವಳಿಗೆ ಹುಚ್ಚೆಂದು ಯಾರೂ ಎದ್ದುಹೋಗುವುದೂ ಇಲ್ಲ.